ಬಾತಿಗೆ ಉಡಿ ತುಂಬಿದ್ದು

ಕಾಡುಬಾತು ಮೊಟ್ಟೆಗಳ ಮೇಲೆ ಕೂತದ್ದನ್ನು ಮೊದಲು ಕಂಡವಳು ನಮ್ಮ ಅಕ್ಕ, ಅದೂ ಒಂದೇ ಕಣ್ಣಿನಿಂದ. ಆಷಾಢ ಮುಗಿಯುವ ಹೊತ್ತಿಗೆ ಅವಳ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಎಡಗಣ್ಣಿಗೆ ಇನ್ನೊಂದು ತಿಂಗಳು ತಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ಕಮಲಾಪುರಕ್ಕೆ ಕಳಿಸದೆ ಕಲಬುರಗಿಯಲ್ಲೇ, ಶಹಾಬಜಾರದ ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದೆ. ತಲೆ ಬಗ್ಗಿಸಬಾರದು, ಭಾರ ಎತ್ತಬಾರದು, ಕಣ್ಣಿಗೆ ಧೂಳು ತಾಗಬಾರದು ಎಂದೆಲ್ಲ ಕಟ್ಟಪ್ಪಣೆಯಾಗಿತ್ತು. ಹುಟ್ಟಿದಾಗಿನಿಂದ ಕೈ ಸುಮ್ಮನಿಟ್ಟುಕೊಂಡು ಕೂತು ಗೊತ್ತಿಲ್ಲದ ಹೆಂಗಸು ಅವಳು. ಮನೆಯಲ್ಲಿ ಬಿಟ್ಟರೆ ಪಾತ್ರೆ ತಿಕ್ಕಲು ಬಗ್ಗುತ್ತಾಳೆಂದು ನಾನು ದಿನಾ ಬೆಳಿಗ್ಗೆ ಕೆರೆಯ ಪಕ್ಕದ ಉದ್ಯಾನಕ್ಕೆ ನನ್ನ ಜೊತೆ ಎಳೆದುಕೊಂಡು ಹೋಗುತ್ತಿದ್ದೆ.

ಪೊರೆ ಹೋದ ಕಣ್ಣಿಗೆ ಲೋಕವೆಲ್ಲ ಆಗಷ್ಟೇ ತೊಳೆದಿಟ್ಟಂತೆ ಕಾಣುತ್ತಿತ್ತೇನೋ, ಕಂಡದ್ದನ್ನೆಲ್ಲ ಹೇಳುತ್ತಲೇ ಇರುತ್ತಿದ್ದಳು. ನಮ್ಮ ಮನೆಯ ಗೋಡೆಯ ಬಿರುಕನ್ನು ಹೇಳಿದಳು. ಬಾಗಿಲ ಮೂಲೆಯ ಜೇಡದ ಬಲೆಯನ್ನು ಹೇಳಿದಳು. "ನಿನ್ನ ಗಲ್ಲದ ಮ್ಯಾಲ ಇಷ್ಟು ಬಂಗು ಯಾವಾಗ ಬಂತು?" ಎಂದು ನನ್ನ ಗಂಡನ ಎದುರಿಗೇ ಕೇಳಿದಳು. "ಅಕ್ಕಾರ, ಇನ್ನೊಂದು ಕಣ್ಣು ಹಂಗs ಇರ್ಲಿ ಬಿಡ್ರಿ, ಈ ಮನೀಗಿ ಒಂದs ಸಾಕು," ಎಂದು ಅವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆ ದಿನವೂ ಹಾಗೇ ಆಯಿತು. ಉದ್ಯಾನದ ತುದಿಯಲ್ಲಿ, ಕೆರೆಯ ದಂಡೆಗೆ ಹತ್ತಿಕೊಂಡು ಆಪು ಹುಲ್ಲು ಎದೆಮಟ್ಟ ಬೆಳೆದ ಒಂದು ಜಾಗವಿದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ, ಕಲ್ಲುಬೆಂಚು ಒಂದಿದೆ ಅಷ್ಟೆ. ಅಕ್ಕ ಅಲ್ಲಿ ಕೂತು ಕಪ್ಪು ಕನ್ನಡಕ ಸ್ವಲ್ಪ ಕೆಳಗೆ ಸರಿಸಿ, "ಹುಲ್ಲಾಗ ಯಾರೋ ನೋಡಾಕತ್ತಾರ ನನಗ," ಎಂದಳು. ನಾನು ಎಷ್ಟು ನೋಡಿದರೂ ಒಣಹುಲ್ಲು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಆ ಒಣಹುಲ್ಲಿನ ಒಂದು ಭಾಗ ಕಣ್ಣು ಮಿಟುಕಿಸಿತು. ಕಂದು ಬಣ್ಣದ ಮೈ, ಕಪ್ಪು ಕೊಕ್ಕು, ಕೊಕ್ಕಿನ ತುದಿಗೆ ಹಳದಿ, ಕೊಕ್ಕು ಹಣೆಗೆ ಕೂಡುವಲ್ಲಿ ಎರಡು ಕೆಂಪು ಚುಕ್ಕೆ. ಕೆರೆಯಲ್ಲಿ ದೂರದಿಂದ ಎಷ್ಟೋ ಸಲ ನೋಡಿದ್ದ ಹಕ್ಕಿಯೇ. ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಬೆಳಗಿನ ನಡಿಗೆಗೆ ಬರುವ ಹೆಂಗಸರ ಗುಂಪೊಂದಿದೆ ನಮ್ಮದು. ಅದರ ಹಿರಿಯಾಕೆ ನಿವೃತ್ತಿಯಾದ ಟೀಚರು. ಗುಂಪಿನ ವಾಟ್ಸಾಪು, ಹುಟ್ಟುಹಬ್ಬ, ಯಾರದೋ ಬಸುರಿ ಮಗಳ ಕುಬುಸ, ಎಲ್ಲ ಅವರ ಉಸ್ತುವಾರಿ. ಕೆಟ್ಟವರಲ್ಲ. ನನ್ನ ಗಂಡನಿಗೆ ಡೆಂಗಿ ಬಂದಾಗ ದಿನಾ ಗಂಜಿ ಮಾಡಿ ತಂದುಕೊಟ್ಟವರು. ಬಾತಿನ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ನಾನೇ ಅವರಿಗೆ ಹೇಳಿದೆ. ಮರುದಿನ ಎಲ್ಲರೂ ಬಂದು ಬೆಂಚಿನ ಹಿಂದೆ ನಿಂತು ಕತ್ತು ಚಾಚಿದರು.

"ಅಯ್ಯ, ಕುಂಕುಮ ಇಟ್ಕೊಂಡಾಳ ನೋಡ್ರಿ!" ಎಂದರು ಟೀಚರು. "ಮುತ್ತೈದಿ ಬಸಿರಿ ಇದ್ದಂಗ ಕೂತಾಳ."

ಅಷ್ಟೇ ಸಾಕಾಯಿತು. ಅಂದಿನಿಂದ ಆ ಬಾತು ಹಕ್ಕಿಯಾಗಿ ಉಳಿಯಲಿಲ್ಲ, ಗುಂಪಿನ ಸೊಸೆಯಾಯಿತು. ಕೆರೆಯಲ್ಲಿ ಈಜಾಡುತ್ತಿದ್ದ ಗಂಡಿನ ಹಣೆಯ ಮೇಲೂ ಅವೇ ಎರಡು ಕೆಂಪು ಚುಕ್ಕೆಗಳಿದ್ದವು. ಅವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಕ್ಕನ ಹಣೆಯ ಮೇಲೆ ವಿಭೂತಿ ಇದೆ, ಕುಂಕುಮವಿಲ್ಲ. ಮದುವೆಯಾಗಿ ನಾಲ್ಕು ವರ್ಷಕ್ಕೆ ಭಾವ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅವಳು ಕಮಲಾಪುರದ ನಮ್ಮ ತವರಿಗೇ ಮರಳಿದಳು. ಅಣ್ಣನ ಮನೆಯಲ್ಲಿ, ಅಣ್ಣನ ಬಾಳೆತೋಟದಲ್ಲಿ ದುಡಿಯುತ್ತ ಈಗಲೂ ಅಲ್ಲೇ ಇದ್ದಾಳೆ. ನನ್ನ ಚೊಚ್ಚಲ ಬಸುರಿನ ಕುಬುಸವಾದದ್ದು ಅದೇ ಮನೆಯಲ್ಲಿ. ಹಸಿರು ಸೀರೆ ಆರಿಸಿದವಳು ಅವಳು, ಹೂರಣ ರುಬ್ಬಿದವಳು ಅವಳು, ಹೋಳಿಗೆ ಬೇಯಿಸಿದವಳು ಅವಳು. ಪಡಸಾಲೆಯಲ್ಲಿ ಮುತ್ತೈದೆಯರು ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ನನ್ನ ಉಡಿ ತುಂಬುವಾಗ ಅವಳು ಅಡಿಗೆಮನೆಯಲ್ಲಿದ್ದಳು. ನಾನು ಕರೆದೆ, ಬರಲಿಲ್ಲ. ಒಂದೇ ಒಂದು ಸಲ ಬಾಗಿಲ ಪರದೆ ಸರಿಸಿ ನನ್ನನ್ನು ನೋಡಿ ನಕ್ಕು ಒಳಗೆ ಹೋದಳು.

ಆ ಕೂಸು ಉಳಿಯಲಿಲ್ಲ. ಹುಟ್ಟುವಾಗಲೇ ಉಸಿರಿರಲಿಲ್ಲ. ಡಾಕ್ಟರು ಹೊಕ್ಕುಳಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು ಎಂದರು. ಬಂಧುಗಳಲ್ಲಿ ಒಬ್ಬಾಕೆ ಪರದೆ ಸರಿದದ್ದನ್ನು ನೆನಪಿಟ್ಟುಕೊಂಡಿದ್ದಳು. "ಆಕಿ ಕಣ್ಣು ಬಿತ್ತು," ಎಂದಳು. ಮಾತು ಓಣಿಯೆಲ್ಲ ತಿರುಗಿ ನಾನು ಮಲಗಿದ್ದ ಕೋಣೆಗೂ ಬಂತು. ಎದ್ದು ಕೂರುವ ಶಕ್ತಿ ಇಲ್ಲದಿದ್ದರೂ ನಾನು ಮಲಗಿದಲ್ಲಿಂದಲೇ ಆ ಮಾತು ಆಡಿದವಳನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಮಾತ್ರ ಅಂದಿನಿಂದ ಯಾರ ಕುಬುಸಕ್ಕೂ, ಯಾರ ತೊಟ್ಟಿಲಿಗೂ ಹೋಗಲಿಲ್ಲ. ಆಮೇಲೆ ನನಗೆ ಮಗಳು ಹುಟ್ಟಿದಾಗ ನಾಮಕರಣಕ್ಕೂ ಬರಲಿಲ್ಲ. ಕೂಸು ಬೋರಲು ಬಿದ್ದ ಮೇಲಷ್ಟೇ ಬಂದು ಎತ್ತಿಕೊಂಡಳು. ನನ್ನ ಹೊಟ್ಟೆಯಲ್ಲಿ ಆ ಮಾತಿನ ಸಿಟ್ಟು ಇವತ್ತಿಗೂ ಆರಿಲ್ಲ.

ಹೀಗಿದ್ದವಳು ಈಗ ಒಂದು ಹಕ್ಕಿ ಮೊಟ್ಟೆ ಕಾಯುವುದನ್ನು ದಿನಾ ಕೂತು ನೋಡುತ್ತಿದ್ದಳು. ನಾನು ಕೆರೆಯ ಸುತ್ತ ನಡೆದು ಬರುವವರೆಗೂ ಆ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಬಾತು ನೀರಿಗೆ ಇಳಿಯುವ ಮುಂಚೆ ತನ್ನ ಎದೆಯ ತುಪ್ಪಳ ಎಳೆದು ಮೊಟ್ಟೆಗಳಿಗೆ ಹೊದಿಸಿ ಹೋಗುತ್ತಿತ್ತು. ಅದನ್ನು ಕಂಡ ದಿನ ಅಕ್ಕ, "ಕೂಸಿಗಿ ಕುಂಚಗಿ ಹೊಚ್ಚಿದಂಗ ಹೊಚ್ಚತಾಳ," ಎಂದು ದಾರಿಯುದ್ದಕ್ಕೂ ಹೇಳಿದಳು. ಮಳೆ ಬಂದ ದಿನ ಕೊಡೆ ಹಿಡಿದು ಕೂತಳು. ಕಣ್ಣಿಗೆ ಹನಿ ತಾಗುತ್ತದೆ ನಡೆ ಎಂದು ನಾನು ಗದರಿಸಿದರೆ, "ಆಕಿ ಕೂತಾಳಲ್ಲ," ಎಂದಳು. ನನಗೆ ರೇಗಿತು, ಒಳಗೊಳಗೆ ಸಂತೋಷವೂ ಆಯಿತು. ಅಕ್ಕ ಇಷ್ಟು ಆಸೆಯಿಂದ ಏನನ್ನಾದರೂ ನೋಡಿದ್ದನ್ನು ನಾನು ಕಂಡು ಬಹಳ ವರ್ಷವಾಗಿತ್ತು.

ನಡುವೆ ಗಂಡುಬಾತು ಕಾಣೆಯಾಯಿತು. ಕೆರೆಯಲ್ಲೆಲ್ಲೂ ಇರಲಿಲ್ಲ. ಗುಂಪಿನವರು ಪಿಸುಪಿಸು ಮಾತಾಡಿಕೊಂಡರು. ನಾಯಿ ಹಿಡಿಯಿತೋ, ಯಾರಾದರೂ ಹೊಡೆದು ತಿಂದರೋ ಎಂದು ಮುಖ ಸಣ್ಣ ಮಾಡಿದರು. ಅಕ್ಕ ಬೆಂಚಿನ ಮೇಲಿಂದಲೇ ನನಗಷ್ಟೇ ಕೇಳುವಂತೆ, "ಕುಂಕುಮ ಇನ್ನಾ ಹಂಗs ಅದ ಆಕಿದು," ಎಂದಳು. ನಕ್ಕಳೋ ಇಲ್ಲವೋ ಆ ಕಪ್ಪು ಕನ್ನಡಕದಲ್ಲಿ ನನಗೆ ತಿಳಿಯಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಉಡಿ ತುಂಬುವುದೆಂದು ವಾಟ್ಸಾಪಿನಲ್ಲಿ ನಿರ್ಧಾರವಾಯಿತು. ಹಕ್ಕಿಗೆ ಎಂಥ ಉಡಿ ಎಂದು ನಾನು ಬರೆದೆ. ನಗುವ ಮುಖಗಳು ಬಂದವು. ಬೆಳಿಗ್ಗೆ ನೋಡಿದರೆ ಎಲ್ಲರೂ ರೇಷ್ಮೆ ಉಟ್ಟು ಬಂದಿದ್ದಾರೆ. ಕಾಲಿಗೆ ಮಾತ್ರ ನಡಿಗೆಯ ಬೂಟು. ಹಸಿರು ಖಣ, ಅಕ್ಕಿ, ಒಣಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಅರಿಶಿಣ ಕೊಂಬು, ಬಾಳೆಹಣ್ಣು, ಯಾವುದೂ ಕಡಿಮೆಯಿರಲಿಲ್ಲ. ಅಕ್ಕ ಎಂದಿನಂತೆ ಬೆಂಚಿನ ಮೇಲಿದ್ದಳು. ಟೀಚರು ಬಹಳ ಮರ್ಯಾದೆಯಿಂದಲೇ, "ನೀವು ಸ್ವಲ್ಪ ಆ ಕಡಿ ಕೂಡ್ರಿ ಅಕ್ಕಾರ, ಶುಭಕಾರ್ಯ ಅದ," ಎಂದರು. ಅಕ್ಕ ಕೂಡಲೇ ಎದ್ದು ದೂರದ ಬೇವಿನ ಮರದ ಕೆಳಗೆ ಹೋಗಿ ನಿಂತಳು. ನನ್ನ ಮೈ ಉರಿಯಿತು. "ಆ ಹಕ್ಕಿ ಮದಲ ನೋಡಿದಾಕಿ ಆಕಿ ಟೀಚರ್," ಎಂದೆ. "ಹೌದ್ರಿ, ಯಾರ ಇಲ್ಲಂದಾರ?" ಎಂದು ಅವರು ಬುಟ್ಟಿ ಎತ್ತಿಕೊಂಡು ಹುಲ್ಲಿಗೆ ಇಳಿದರು.

ಉದ್ಯಾನದ ಮಾಲಿ, ರೋಜಾ ಬಡಾವಣೆಯಿಂದ ಬರುವ ವಯಸ್ಸಾದ ಮನುಷ್ಯ, ಪೈಪು ಕೈಯಲ್ಲಿ ಹಿಡಿದೇ ಓಡಿ ಬಂದ. "ಅಂದರ್ ಮತ್ ಜಾವ್ ಅಮ್ಮಾ! ಹತ್ರ ಹೋಗಬ್ಯಾಡ್ರಿ, ಉಡ್ ಜಾತಾ!" ಎಂದು ಕೂಗಿದ. ಅವನ ಕೂಗು ಮುಗಿಯುವುದರಲ್ಲಿ ಬಾತು ರೆಕ್ಕೆ ಬಡಿದು ಹಾರಿ ಕೆರೆಯ ನಡುವೆ ಹೋಗಿ ಬಿತ್ತು. ಈ ಸಲ ತುಪ್ಪಳ ಹೊದಿಸಲು ಅದಕ್ಕೆ ಪುರಸತ್ತಿರಲಿಲ್ಲ. ಮಾಸಲು ಬಿಳಿಯ ಮೊಟ್ಟೆಗಳು ಬತ್ತಲೆಯಾಗಿ ಬಿದ್ದಿದ್ದವು. "ಪಾಪ, ನಾಚಿಕೊಂಡಾಳ," ಎಂದು ಯಾರೋ ಅಂದರು. ಗೂಡಿನ ಪಕ್ಕದಲ್ಲೇ ಖಣ ಹಾಸಿ, ಅದರ ಮೇಲೆ ಎಲ್ಲವನ್ನೂ ಸುರಿದು, ಹಾಡು ಹೇಳಿ, ಫೋಟೋ ತೆಗೆದು ಮೇಲೆ ಬಂದರು. ನನ್ನನ್ನೂ ಬಿಡಲಿಲ್ಲ, ರಸ್ತೆಯಾಚೆಯ ಹೋಟೆಲಿಗೆ ಚಹಾಕ್ಕೆ ಎಳೆದುಕೊಂಡು ಹೋದರು. ಅಕ್ಕನನ್ನು ಕರೆದೆ. ತಲೆ ಅಲ್ಲಾಡಿಸಿ ಬೇವಿನ ಮರದ ಕೆಳಗೇ ಉಳಿದಳು.

ಚುರುಮುರಿ ಸುಸಲಾ, ಚಹಾ ಮುಗಿಸಿ ಟೀಚರೂ ನಾನೂ ಇನ್ನಿಬ್ಬರೂ ತಿರುಗಿ ಬಂದೆವು. ಅಷ್ಟು ಹೊತ್ತಿಗೆ ಬೇವಿನ ಮರದ ಮೇಲೆ ಕಾಗೆಗಳ ಸಂತೆ ನೆರೆದಿತ್ತು. ಕೆಳಗೆ ಅಕ್ಕ ಇರಲಿಲ್ಲ. ನೋಡುತ್ತಿದ್ದಂತೆ ಅವಳು ಆಪು ಹುಲ್ಲಿನೊಳಗಿಂದ ಎದ್ದು ಬಂದಳು. ಕಾಲಿಗೆಲ್ಲ ಕೆಸರು, ಕನ್ನಡಕ ಹಣೆಯ ಮೇಲಿತ್ತು. ಎರಡೂ ಕೈಯಿಂದ ಸೆರಗನ್ನು ಹೊಟ್ಟೆಯ ಮುಂದೆ ಹಿಡಿದಿದ್ದಳು, ಅದರಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಉತ್ತತ್ತಿ, ಅರಿಶಿಣ, ಹಸಿರು ಖಣ. ಒಂದೊಂದಾಗಿ ಆರಿಸಿ ಹಾಕಿಕೊಳ್ಳಲು ಚೀಲವಿಲ್ಲದೆ ಸೆರಗು ಒಡ್ಡಿದ್ದಳು, ಬೇರೇನಿಲ್ಲ. ನನಗೆ ಮಾತ್ರ ಅವಳ ಉಡಿ ತುಂಬಿದ್ದು ಕಂಡಿತು. ಭಾವ ಹೋದ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕಂಡಿತು. ನಾನು ಅಲ್ಲೇ ನಿಂತುಬಿಟ್ಟೆ.

"ಇದೇನ್ ಮಾಡಿದ್ರಿ ಅಕ್ಕಾರ?" ಟೀಚರು ಮುಂದೆ ಬಂದರು. "ಮುತ್ತೈದಿ ಉಡಿಗಿ ಕೈ ಹಚ್ಚಿದ್ರಿ?"

"ಕಾಗಿ ಬಂದಿದ್ವು ಟೀಚರ್. ಕೊಬ್ರಿ ತಿನ್ಲಾಕ ಬಂದ್ವು, ಮಗ್ಗಲಕ್ಕs ತತ್ತಿ ಕಂಡ್ವು. ಬೆಲ್ಲಕ್ಕ ಇರಬಿ ಮುಕರ್ಯಾವ. ಮರಿ ತತ್ತಿ ಒಡಿಲಾಕ ಹತ್ತಿದ್ರ ಇರಬಿ ಬಿಡ್ತಾವೇನ್ರಿ?"

"ನಮಗೊಂದ್ ಮಾತ್ ಹೇಳಿದ್ರ ನಾವs ತೆಗೀತಿದ್ವಿ."

"ನೀವು ಇರಲಿಲ್ರಿ."

ನಾನು ಬಾಯಿ ತೆರೆದೆ. ಹೇಳಬೇಕಾದ್ದು, ಹೇಳಬಾರದ್ದು ಎಲ್ಲ ಒಟ್ಟಿಗೆ ಬಂತು. ಹಕ್ಕಿಯ ಕುಂಕುಮ ನಿಮಗೆ ಬೇಕು, ಹಕ್ಕಿಯ ಪ್ರಾಣ ನಿಮಗೆ ಬೇಕಿಲ್ಲ ಎಂದೆ. ಬೆಳಿಗ್ಗೆ ಎದ್ದು ವಚನ ಹೇಳುವ ಬಾಯಿಂದ ಆ ಕಡೆ ಕೂತುಕೋ ಎಂಬ ಮಾತು ಹೇಗೆ ಬರುತ್ತದೆ ಎಂದೆ. ಅಕ್ಕ, "ಸುಮ್ನಿರು," ಎಂದಳು. ಟೀಚರು ಕೆಂಪಗಾಗಿದ್ದರು. "ನಾವು ಛಲೋದಕ್ಕ ಮಾಡಿದ್ವಿ. ಇನ್ನ ಹೆಚ್ಚುಕಮ್ಮಿ ಆದ್ರ ನಮ್ಮ ಮ್ಯಾಲ ಬರಬಾರದ ನೋಡ್ರಿ," ಎಂದರು.

"ನಿಮ್ಮ ಮ್ಯಾಲ ಬರಂಗಿಲ್ರಿ," ಎಂದಳು ಅಕ್ಕ. "ನನ್ನ ಮ್ಯಾಲs ಇರ್ಲಿ."

ಗೋಡೆಯಾಚೆ ಮೇಯುತ್ತಿದ್ದ ಆಡುಗಳಿಗೆ ಸೆರಗು ಝಾಡಿಸಿ, ಖಣವನ್ನು ಮಡಿಸಿ ಟೀಚರ ಬುಟ್ಟಿಯಲ್ಲಿಟ್ಟಳು. ಆಮೇಲೆ ಬೇವಿನ ಮರದ ಕೆಳಗೆ ಹೋಗಿ ಕೂತಳು. ನಾನು ಕಚೇರಿಗೆ ರಜೆ ಹೇಳಿ ಪಕ್ಕದಲ್ಲಿ ಕೂತೆ. ಬಿಸಿಲು ಏರಿತು. ಮಾಲಿ ಒಂದು ಜಾಲಿಕೊಂಬೆ ತಂದು ಗೂಡಿನ ಕಡೆಯ ದಾರಿಗೆ ಅಡ್ಡ ಹಾಕಿದ. ಬಾತು ಕೆರೆಯ ನಡುವೆ ಅತ್ತ ಇತ್ತ ತಿರುಗುತ್ತಿತ್ತು, ದಂಡೆಗೆ ಬರುತ್ತಿರಲಿಲ್ಲ. ಅಕ್ಕ ನೀರೂ ಕುಡಿಯಲಿಲ್ಲ. ಅವಳ ಕೈ ಹಿಡಿದರೆ ತಣ್ಣಗಿತ್ತು. "ಮತ್ತೊಮ್ಮೆ ನನ್ನ ಕಣ್ಣು ಬಿತ್ತಂದ್ರ ನಾ ತಡಕೊಳ್ಳಂಗಿಲ್ಲ ತಂಗಿ," ಎಂದಳು. ಆ ಕೂಸಿನ ಮಾತನ್ನು ನಾವಿಬ್ಬರೂ ಎಂದೂ ಆಡಿರಲಿಲ್ಲ. ಆಗಲೂ ಅಷ್ಟೇ ಆಡಿದಳು. ಮಧ್ಯಾಹ್ನದ ಹೊತ್ತಿಗೆ ಬಾತು ದಂಡೆಗೆ ಬಂದು, ಬಹಳ ಹೊತ್ತು ಅನುಮಾನಿಸಿ ನಿಂತು, ಹುಲ್ಲೊಳಗೆ ನುಸುಳಿತು. ಅಕ್ಕ ಮೊಳಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಕಣ್ಣಿಗೆ ಒಳ್ಳೆಯದಲ್ಲ, ಅಳಬೇಡ ಎಂದು ನಾನು ಬೈದೆ.

ಅಲ್ಲಿಂದ ಮುಂದಿನ ದಿನಗಳು ಆಸ್ಪತ್ರೆಯ ವರಾಂಡದಲ್ಲಿ ಕಾದಂತೆ ಕಳೆದವು. ಗುಂಪಿನವರು ನಮ್ಮೊಂದಿಗೆ ನಕ್ಕು ಮಾತಾಡುತ್ತಿದ್ದರು, ಬೆಂಚಿನ ಹತ್ತಿರ ಮಾತ್ರ ನಿಲ್ಲುತ್ತಿರಲಿಲ್ಲ. ದೂರದಿಂದಲೇ "ಆತೇನ್ರಿ?" ಎಂದು ಕೇಳುವರು. ಆ ಪ್ರಶ್ನೆಗೆ ಅಕ್ಕ ಪ್ರತಿ ಸಲವೂ ಬೆಚ್ಚುತ್ತಿದ್ದಳು. ಎಡಗಣ್ಣಿನ ಆಪರೇಷನ್ನಿಗೆ ಡಾಕ್ಟರು ಕೊಟ್ಟ ದಿನ ಬಂತು, ಇವಳು ಹೊರಡಲಿಲ್ಲ. ಆ ಹಕ್ಕಿಯ ಮೊಟ್ಟೆಗೂ ನಿನ್ನ ಕಣ್ಣಿಗೂ ಏನು ಸಂಬಂಧ ಎಂದು ನಾನು ಕೂಗಿದೆ. ಕೂಗಿದ ಮೇಲೆ ನಾನು ಆಡಿದ ಮಾತು ನನಗೇ ಕೇಳಿಸಿ ಸುಮ್ಮನಾದೆ. "ಅದು ಆಗೂ ತನಕ ನಾ ಎಲ್ಲೂ ಬರಂಗಿಲ್ಲ," ಎಂದಳು. ನನ್ನ ಗಂಡ ಆಸ್ಪತ್ರೆಗೆ ಫೋನು ಮಾಡಿ ದಿನ ಮುಂದಕ್ಕೆ ಹಾಕಿಸಿದರು. ಅವರೂ ಆಗ ನಗೆಚಾಟಿಕೆ ಬಿಟ್ಟಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಹುಲ್ಲೊಳಗಿಂದ ಸಣ್ಣ ದನಿ ಕೇಳಿತು. ಪೀ ಪೀ ಎಂದು, ಬಹಳ ತೆಳುವಾಗಿ. ಅಕ್ಕ ನನ್ನ ಮುಂಗೈ ಹಿಡಿದಳು. ಬಾತು ಎದ್ದು ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಹಳದಿ ಕಂದು ಬೆರೆತ ಒದ್ದೆಯ ಮುದ್ದೆಗಳು ಒಂದರ ಮೇಲೊಂದು ಬಿದ್ದು ಏಳುತ್ತಿದ್ದವು. ಒಂದರ ಬೆನ್ನಿಗೆ ಇನ್ನೂ ಮೊಟ್ಟೆಯ ಚಿಪ್ಪು ಅಂಟಿತ್ತು. ಆ ದಿನವಿಡೀ ತಾಯಿ ಅವನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಒಣಗಿಸಿತು. ಮರುದಿನ ನಾವು ಬೆಳಕು ಹರಿಯುವ ಮೊದಲೇ ಹೋದೆವು. ಬಾತು ಹುಲ್ಲಿನಿಂದ ಹೊರಬಂದು, ಕೆಳದನಿಯಲ್ಲಿ ಏನೋ ಹೇಳುತ್ತ ದಂಡೆಯ ಕಲ್ಲಿನವರೆಗೆ ನಡೆಯಿತು. ಹಿಂದೆ ಮರಿಗಳು ಸಾಲಾಗಿ, ಎಡವುತ್ತ, ಹುಲ್ಲಿಗೆ ಸಿಕ್ಕಿಕೊಂಡು ಬಿಡಿಸಿಕೊಳ್ಳುತ್ತ ಬಂದವು. ಎಂಟೋ ಒಂಬತ್ತೋ, ಒಂದು ಕಡೆ ನಿಲ್ಲದ್ದರಿಂದ ಎಣಿಸಲಾಗಲಿಲ್ಲ. ತಾಯಿ ನೀರಿಗಿಳಿಯಿತು. ಮರಿಗಳು ಕಲ್ಲಿನ ಅಂಚಿನಲ್ಲಿ ಒಂದನ್ನೊಂದು ನೂಕಾಡಿ ಒಂದೊಂದೇ ಧುಮುಕಿದವು. ಮುಳುಗುತ್ತವೆ ಎಂದುಕೊಂಡೆ. ಯಾವುದೂ ಮುಳುಗಲಿಲ್ಲ. ಯಾರೂ ಕಲಿಸದೆಯೇ ಈಜಿದವು.

ಅಕ್ಕ ಕೈಮುಗಿದು ನಿಂತಿದ್ದಳು. ಆಮೇಲೆ ನನ್ನನ್ನು ಕೇಳದೆ ಹುಲ್ಲಿಗಿಳಿದು ಗೂಡಿನ ಹತ್ತಿರ ಹೋದಳು. ಚಿಪ್ಪುಗಳ ನಡುವೆ ಒಂದು ಮೊಟ್ಟೆ ಹಾಗೇ ಉಳಿದಿತ್ತು, ಒಡೆದಿರಲಿಲ್ಲ. ಅವಳು ಬಗ್ಗಿ ಅದರ ಮೇಲೆ ಸುತ್ತಲಿನ ತುಪ್ಪಳ, ಒಣಹುಲ್ಲು ಎಳೆದು ಮುಚ್ಚಿದಳು. "ಯಾರಿಗೂ ಹೇಳಬ್ಯಾಡ," ಎಂದಳು. ಇಷ್ಟೊಂದು ಮರಿಗಳು ಕಣ್ಣೆದುರಿಗೆ ನೀರಲ್ಲಿ ಆಡುತ್ತಿರುವಾಗಲೂ ಅವಳ ಹೆದರಿಕೆ ಹೋಗಿರಲಿಲ್ಲ. ಅದನ್ನು ಕಂಡು ನನಗೆ ಮರಿಗಳ ಸಂತೋಷವೂ ಅರ್ಧವಾಯಿತು.

ಎಡಗಣ್ಣಿನ ಆಪರೇಷನ್ನೂ ಚೆನ್ನಾಗಿ ಆಯಿತು. ಪಟ್ಟಿ ಬಿಚ್ಚಿ, ಒಂದಷ್ಟು ದಿನ ಔಷಧಿ ಹಾಕಿ, ನಾನೇ ಅವಳನ್ನು ಬಸ್ಸಿನಲ್ಲಿ ಕಮಲಾಪುರಕ್ಕೆ ಬಿಟ್ಟು ಬರಲು ಹೋದೆ. ಅಣ್ಣ ತೋಟದಿಂದ ಕೆಂಪುಬಾಳೆಯ ಗೊನೆ ತಂದು ಪಡಸಾಲೆಯಲ್ಲಿ ಇಟ್ಟಿದ್ದ. ಅತ್ತಿಗೆ ಚಹಾ ಕೊಟ್ಟು ಒಳಗೆ ಹೋದಳು. ನಾವಿಬ್ಬರೇ ಕಂಬಕ್ಕೆ ಒರಗಿ ಕೂತಿದ್ದಾಗ ನನ್ನ ಫೋನು ಒಂದೇ ಸಮನೆ ಟಿಣ್ ಎನ್ನತೊಡಗಿತು.

ಟೀಚರು ಗುಂಪಿಗೆ ವಿಡಿಯೋ ಹಾಕಿದ್ದರು. ಕೆರೆಯಲ್ಲಿ ತಾಯಿಬಾತು, ಹಿಂದೆ ಆಗಲೇ ಸ್ವಲ್ಪ ಬೆಳೆದ ಮರಿಗಳು. ಕೆಳಗೆ ಬರೆದಿದ್ದರು: ನಾವು ಮುತ್ತೈದೆಯರು ಶ್ರಾವಣ ಶುಕ್ರವಾರ ಉಡಿ ತುಂಬಿದ ಫಲ, ನಡುವೆ ವಿಘ್ನ ಬಂದರೂ ದೇವಿ ತಾಯಿ ಕೈಬಿಡಲಿಲ್ಲ. ಅದರ ಕೆಳಗೆ ಮುಗಿದ ಕೈಗಳು, ಹೂಗಳು, ದೀಪಗಳು. ಗುಂಪಿನ ಒಬ್ಬೊಬ್ಬರೂ ಒಂದೊಂದು ಹಾಕುತ್ತಿದ್ದರು.

ವಿಘ್ನ ಎಂದದ್ದು ಯಾರನ್ನೆಂದು ನನಗೆ ಗೊತ್ತು. ಅಕ್ಕನಿಗೆ ಓದಿ ಹೇಳಬಾರದು ಎಂದುಕೊಂಡೆ, ಆದರೆ ಅವಳು ಈಗ ಎರಡು ಕಣ್ಣಿನಿಂದ ನನ್ನ ಭುಜದ ಮೇಲಿಂದ ತಾನೇ ಓದುತ್ತಿದ್ದಳು. ನಾನು ಬರೆಯತೊಡಗಿದೆ. ಕಾಗೆ, ಇರುವೆ, ಹಾರಿಹೋದ ಹಕ್ಕಿ, ಬೇವಿನ ಮರದ ಕೆಳಗಿನ ಬಿಸಿಲು, ಯಾರ ಸೆರಗಿಗೆ ಏನು ಬಿತ್ತು, ಎಲ್ಲ ಬರೆದೆ. ಕಳಿಸಬೇಕು ಎನ್ನುವಾಗ ಅಕ್ಕ ಫೋನಿನ ಮೇಲೆ ತನ್ನ ಅಂಗೈ ಇಟ್ಟಳು.

"ಬ್ಯಾಡ," ಎಂದಳು.

"ಯಾಕ ಬ್ಯಾಡ? ಅವು ಉಳಿದದ್ದು ನಿನ್ನಿಂದ. ಖರೇ ಹೇಳಾಕ ಏನ್ ಹೆದರಿಕಿ?"

ಅವಳು ಅಂಗೈ ತೆಗೆಯಲಿಲ್ಲ.

"ಸತ್ತಿದ್ರ ನಂದು ಆಗ್ತಿತ್ತು," ಎಂದಳು. "ಬದುಕ್ಯಾವಲ್ಲ, ಅವರದs ಆಗ್ಲಿ ಬಿಡು."